ಓಟ ಮುಗಿದ ಮೇಲಿನ 20 ನಿಮಿಷ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ರಸ್ತೆಗಿಳಿದರೆ ಓಡುವ ಹುಡುಗರು ಎದುರಾಗುತ್ತಾರೆ. ಒಬ್ಬನಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗುವ ಆಸೆ, ಇನ್ನೊಬ್ಬನಿಗೆ ಅಗ್ನಿವೀರನಾಗುವ ಆಸೆ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂತೆಂದರೆ ಶಾಲಾ ಮೈದಾನಗಳಲ್ಲಿ ಕೊಕ್ಕೊ, ಕಬಡ್ಡಿ ತಂಡಗಳೂ ಸೇರಿಕೊಳ್ಳುತ್ತವೆ. ಜಾತ್ರೆಯ ಕುಸ್ತಿಗೆ ತಯಾರಾಗುವ ಪೈಲ್ವಾನರು ತಾಲೀಮಿನಲ್ಲಿ ಮೈ ಹುರಿಗೊಳಿಸುತ್ತಿರುತ್ತಾರೆ. ಇವರ್‍ಯಾರ ಶ್ರದ್ಧೆಯಲ್ಲೂ ಕೊರತೆಯಿಲ್ಲ. ಆದರೆ ಕೊನೆಯ ಸುತ್ತು ಮುಗಿದದ್ದೇ ತಡ, ಬೆವರು ಒರೆಸಿಕೊಂಡು ಬೈಕ್ ಹತ್ತುತ್ತಾರೆ. ದಾರಿಯಲ್ಲಿ ಒಂದು ಚಹಾ, ಮನೆಯಲ್ಲಿ ಸ್ನಾನ, ಆಮೇಲೆ ಲೈಬ್ರರಿಯಲ್ಲೋ ಕೋಚಿಂಗ್ ಕ್ಲಾಸಿನಲ್ಲೋ ಸಂಜೆಯವರೆಗೆ ಕುರ್ಚಿ. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ತಂಡದಲ್ಲಿ ಒಬ್ಬೊಬ್ಬರಾಗಿ ತೊಡೆಯ ಹಿಂಭಾಗ ಹಿಡಿದುಕೊಂಡು ಬರತೊಡಗುತ್ತಾರೆ: ‘ಸರ್, ನರ ಹಿಡದದ, ಓಡ್ಲಾಕ್ ಆಗ್ತಿಲ್ಲ.’

ಯೋಗದ ಮಾತು ಬರಬೇಕಾದದ್ದು ಇಲ್ಲಿ. ಯೋಗ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಒಂದು ಕಡೆ, ಯೋಗ ವಯಸ್ಸಾದವರಿಗೆ, ಆಟಗಾರರಿಗೆ ಬೇಕಿರುವುದು ಬೆವರು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ಅರ್ಧ ಸತ್ಯ. ಯೋಗ ಆಟಗಾರನ ವೇಗವನ್ನೋ ದಮ್ಮನ್ನೋ ಹೆಚ್ಚಿಸುವ ಮಂತ್ರವಲ್ಲ. ಅದಕ್ಕೆ ಓಡಲೇಬೇಕು, ಭಾರ ಎತ್ತಲೇಬೇಕು, ಅಂಕಣಕ್ಕೆ ಇಳಿಯಲೇಬೇಕು. ಆದರೆ ಗಳಿಸಿದ್ದನ್ನು ಉಳಿಸಿಕೊಳ್ಳಲು, ಮೈಯಲ್ಲಿ ಎಲ್ಲಿ ಬಿಗಿ, ಎಲ್ಲಿ ದಣಿವು ಎಂದು ದಿನವೂ ತಿಳಿದುಕೊಳ್ಳಲು ಯೋಗದಷ್ಟು ಅಗ್ಗದ, ಕೈಗೆಟಕುವ ಸಾಧನ ಇನ್ನೊಂದಿಲ್ಲ. ಹುಮನಾಬಾದಿನ ಅಡತಿ ಅಂಗಡಿಯ ಮುನೀಮ ಸಂಜೆ ಬಾಗಿಲು ಹಾಕುವ ಮುನ್ನ ದಿನದ ಲೆಕ್ಕ ಬರೆಯುತ್ತಾನಲ್ಲ, ಆಟಗಾರನ ಪಾಲಿಗೆ ಯೋಗ ಅಂಥ ಕೆಲಸ. ವ್ಯಾಪಾರವನ್ನು ಅದು ಮಾಡಿಕೊಡುವುದಿಲ್ಲ. ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ತೋರಿಸಿಕೊಡುತ್ತದೆ.

ಕಲ್ಯಾಣದ ಅರಸ, ಮಲ್ಲರ ಸಾಧನೆ

ದೇಹ ಹುರಿಗೊಳಿಸುವ ವಿದ್ಯೆಯ ಬಗ್ಗೆ ಬಸವಕಲ್ಯಾಣದವರಿಗೆ ಹೊರಗಿನವರು ಬಂದು ಹೇಳಬೇಕಾದದ್ದು ಕಡಿಮೆ. ಊರಿನ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಶರಣರು, ಅನುಭವ ಮಂಟಪ, ಶಿವಯೋಗ. ಆ ಶಿವಯೋಗ ಅಂತರಂಗದ ಸಾಧನೆ, ಅದರ ಹಾದಿಯೇ ಬೇರೆ. ಆದರೆ ಶರಣರು ಕಲ್ಯಾಣಕ್ಕೆ ಬರುವ ಕೆಲವು ದಶಕಗಳ ಮೊದಲು ಇದೇ ರಾಜಧಾನಿಯಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಐದು ಭಾಗ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನೀತಿಯಿಂದ ಹಿಡಿದು ಅಡುಗೆ, ಸಂಗೀತ, ಚಿತ್ರಕಲೆ, ಆನೆ ಸಾಕುವುದರವರೆಗೆ ಎಲ್ಲವೂ ಇದೆ. ಅದರಲ್ಲೊಂದು ‘ಮಲ್ಲವಿನೋದ’, ಅಂದರೆ ಕುಸ್ತಿಯ ಅಧ್ಯಾಯ.

ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುವುದು ಹೇಗೆ, ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಕೊಟ್ಟು ಪೋಷಿಸುವುದು ಅರಸನ ಹೊಣೆ ಎಂಬೆಲ್ಲ ವಿವರ ಅಲ್ಲಿದೆ. ಇಂದಿನ ಆಟಗಾರರು ಗಮನಿಸಬೇಕಾದದ್ದು ಸಾಧನೆಯ ಭಾಗ. ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ಈಜು, ತೋಳುಗಳ ಸಾಧನೆ, ಕಂಬದ ಮೇಲಿನ ಸಾಧನೆ ಹೀಗೆ ಒಂದೊಂದು ಶ್ರಮಕ್ಕೂ ಒಂದೊಂದು ಹೆಸರು. ಕಂಬದ ಸಾಧನೆಗೆ ಅಲ್ಲಿರುವ ಹೆಸರು ‘ಸ್ತಂಭಶ್ರಮ’. ಮಲ್ಲಕಂಬದ ಅತಿ ಹಳೆಯ ಲಿಖಿತ ಉಲ್ಲೇಖವೆಂದು ವಿದ್ವಾಂಸರು ತೋರಿಸುವುದು ಇದನ್ನೇ. ಆ ಮಲ್ಲಕಂಬಕ್ಕೂ, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದ ಯೋಗಾಸನಕ್ಕೂ ಈಗ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಜಾಗ ಸಿಕ್ಕಿದೆ.

ಒಂಬೈನೂರು ವರ್ಷಗಳ ಹಿಂದಿನ ಆ ವಿಂಗಡಣೆಯಲ್ಲಿ ಒಂದು ತಿಳಿವಳಿಕೆ ಇದೆ. ಬಲಕ್ಕೆ ಒಂದು ಶ್ರಮ, ಉಸಿರಿಗೆ ಒಂದು, ಹಿಡಿತಕ್ಕೆ ಒಂದು. ಯಾವುದೋ ಒಂದನ್ನೇ ಮಾಡಿ ಮಲ್ಲನಾದವನಿಲ್ಲ.

ಇಂದು ನಾವು ಸಾಲಾಗಿ ನಿಂತು ಮಾಡುವ ಆಸನಗಳ ಇತಿಹಾಸವೂ ಕನ್ನಡ ನಾಡಿನೊಳಗೇ ಹಾದುಬಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಮೈಸೂರಿನ ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು; ಜಗತ್ತಿನಾದ್ಯಂತ ಆಟಗಾರರು ಇಂದು ಮಾಡುವ ಯೋಗದ ಬಹುಪಾಲು ಈ ಇಬ್ಬರ ಮೂಲಕ ಹರಡಿದ್ದು. ಅರಮನೆಯ ಆಸನ ಪರಂಪರೆಯಲ್ಲಿ ಗರಡಿಯ ವ್ಯಾಯಾಮಗಳೂ ಬೆರೆತಿವೆ ಎಂದು ಎನ್.ಇ. ಸ್ಯೋಮನ್ ಎಂಬ ವಿದ್ವಾಂಸರು 1996ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಪೈಲ್ವಾನನೊಬ್ಬ ದಂಡ ಹೊಡೆಯುವುದನ್ನು ಹತ್ತಿರದಿಂದ ನೋಡಿ. ಟೊಂಕ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರಿದಂತೆ ತಂದು, ತಲೆ ಎತ್ತಿ ಹಿಂದಕ್ಕೆ ಹೋಗುತ್ತಾನೆ. ಸೂರ್ಯನಮಸ್ಕಾರದ ನಡುವಿನ ಭಾಗಕ್ಕೂ ಇದಕ್ಕೂ ಎಷ್ಟು ನಂಟಿದೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ.

ತೊಡೆಯ ಹಿಂಭಾಗದ ಕಥೆ

ಈಗ ‘ನರ ಹಿಡದದ’ ಎನ್ನುವ ಹುಡುಗನ ಬಳಿಗೆ ಬರೋಣ. ಹಿಡಿದಿರುವುದು ನರವಲ್ಲ, ತೊಡೆಯ ಹಿಂದಿನ ಸ್ನಾಯು. ಕ್ರೀಡಾ ವೈದ್ಯರು ಹ್ಯಾಮ್‌ಸ್ಟ್ರಿಂಗ್ ಎನ್ನುವುದು ಇದನ್ನೇ. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಚಾಚಿ ಪಾದ ನೆಲಕ್ಕೆ ತಾಗುವುದಕ್ಕೆ ಸ್ವಲ್ಪ ಮುಂಚೆ ಈ ಸ್ನಾಯು ಪೂರ್ತಿ ಹಿಗ್ಗಿರುತ್ತದೆ. ಅದೇ ಗಳಿಗೆಯಲ್ಲಿ ಮುಂದೆ ಹೋಗುತ್ತಿರುವ ಕಾಲನ್ನು ತಡೆಯಲು ಬಿಗಿಯಲೂ ಬೇಕು. ಹಿಗ್ಗುತ್ತಲೇ ಬಿಗಿಯುವ ಈ ಕೆಲಸವೇ ಅದಕ್ಕೆ ಅತ್ಯಂತ ಕಠಿಣ. ದಣಿದ ಸ್ನಾಯು ಅಲ್ಲಿ ಸೋಲುತ್ತದೆ.

ನಮ್ಮ ಭಾಗದ ಹುಡುಗರಿಗೆ ಇನ್ನೂ ಒಂದು ತೊಡಕಿದೆ. ಬೆಳಿಗ್ಗೆ ಒಂದು ಗಂಟೆ ಓಡುವವರು ಉಳಿದ ಹೊತ್ತೆಲ್ಲ ಪರೀಕ್ಷೆಗೆಂದು ಕುಳಿತು ಓದುತ್ತಾರೆ. ದಿನಕ್ಕೆ ಎಂಟು ಗಂಟೆ ಕುಳಿತರೆ ತೊಡೆಯ ಮೇಲ್ಭಾಗದಲ್ಲಿ ಸೊಂಟವನ್ನು ಮಡಿಸುವ ಸ್ನಾಯುಗಳು ಗಿಡ್ಡನೆಯ ಸ್ಥಿತಿಗೇ ಒಗ್ಗಿಕೊಳ್ಳುತ್ತವೆ. ಹಾಗೆ ಬಿಗಿದ ಸೊಂಟದೊಂದಿಗೆ ಮರುದಿನ ಓಡಿದರೆ ಹೆಜ್ಜೆ ಹಿಂದಕ್ಕೆ ಪೂರ್ತಿ ಚಾಚುವುದಿಲ್ಲ. ಆ ಕೊರತೆಯನ್ನು ಬೆನ್ನಿನ ಕೆಳಭಾಗ ಮತ್ತು ತೊಡೆಯ ಹಿಂಭಾಗ ತುಂಬಿಕೊಡಬೇಕಾಗುತ್ತದೆ.

ಇಂಥವರಿಗೆ ಸುಪ್ತ ಪಾದಾಂಗುಷ್ಠಾಸನದಷ್ಟು ಉಪಯುಕ್ತ ಆಸನ ಅಪರೂಪ. ಬೆನ್ನ ಮೇಲೆ ಮಲಗಿ, ಒಂದು ಕಾಲು ನೇರ ನೆಲದ ಮೇಲೆ ಇಟ್ಟು, ಇನ್ನೊಂದು ಪಾದಕ್ಕೆ ಟವೆಲ್ ಸಿಕ್ಕಿಸಿ ಎರಡೂ ತುದಿ ಹಿಡಿದು ಕಾಲನ್ನು ಮೇಲಕ್ಕೆತ್ತುವುದು. ಮೊಣಕಾಲು ನೇರ, ಉಸಿರು ಸರಾಗ. ಎಳೆತ ತೊಡೆಯ ನಡುವೆ ಗೊತ್ತಾಗಬೇಕು. ಮೊಣಕಾಲಿನ ಹಿಂದೆ ಚುಚ್ಚಿದರೆ ಸ್ವಲ್ಪ ಸಡಿಲಿಸಬೇಕು. ಬಲಗಾಲು ಎಷ್ಟು ಮೇಲೆ ಬಂತು, ಎಡಗಾಲು ಎಷ್ಟು ಬಂತು ನೋಡಿಕೊಳ್ಳಿ. ಎರಡರಲ್ಲಿ ವ್ಯತ್ಯಾಸ ಕಂಡರೆ, ನಿನ್ನೆಗಿಂತ ಇವತ್ತು ಒಂದು ಕಾಲು ತೀರಾ ಕೆಳಗೇ ನಿಂತರೆ, ನಾಳೆ ಜೋರಾದ ಓಟ ಬೇಡ, ನಿಧಾನದ ಓಟ ಸಾಕು. ನೋವು ಬರುವ ಮೊದಲೇ ಸುಳಿವು ಕೊಡುವ ಈ ಗುಣಕ್ಕಾಗಿಯೇ ಆಟಗಾರನಿಗೆ ಯೋಗ ಬೇಕು. ಸೊಂಟದ ಮುಂಭಾಗಕ್ಕೆ ಆಂಜನೇಯಾಸನ, ಮೀನಖಂಡಕ್ಕೆ ಅಧೋಮುಖ ಶ್ವಾನಾಸನ. ಈ ಮೂರನ್ನು ದಿನವೂ ಮಾಡಿದರೂ ಓಟಗಾರನಿಗೆ ದೊಡ್ಡ ಪಾಲು ಸಿಕ್ಕಂತೆ.

ಒಂಟಿ ಕಾಲಿನ ಲೆಕ್ಕ

ಕೊಕ್ಕೊ ಆಟದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ. ಬೆನ್ನಿಗೆ ‘ಕೊ’ ಬಿದ್ದ ತಕ್ಷಣ ಏಳಬೇಕು, ಮೊದಲ ಹೆಜ್ಜೆಯಲ್ಲೇ ದಿಕ್ಕು ಹಿಡಿಯಬೇಕು, ಕಂಬದ ಬಳಿ ಮೈ ಬಾಗಿಸಿ ತಿರುಗಬೇಕು. ಆ ಮೊದಲ ಹೆಜ್ಜೆಯ ಭಾರವೆಲ್ಲ ಒಂದೇ ಕಾಲಿನ ಮೇಲೆ. ಪಾದದ ಕೀಲು, ಮೊಣಕಾಲು, ಸೊಂಟ ಒಂದೇ ಗೆರೆಯಲ್ಲಿ ನಿಲ್ಲದಿದ್ದರೆ ಕಾಲು ಉಳುಕುತ್ತದೆ. ಹಳ್ಳಿ ಶಾಲೆಗಳ ತಗ್ಗು–ದಿನ್ನೆಯ ಮೈದಾನದಲ್ಲಿ ಆ ಅಪಾಯ ಇನ್ನೂ ಹೆಚ್ಚು. ಅಗ್ನಿವೀರರ ದೈಹಿಕ ಪರೀಕ್ಷೆಯಲ್ಲೂ 1,600 ಮೀಟರ್ ಓಟ, ಪುಲ್‌ಅಪ್‌ಗಳ ಜತೆಗೆ ಒಂಬತ್ತು ಅಡಿ ಕಂದಕ ಜಿಗಿಯುವುದು, ಅಂಕುಡೊಂಕು ಹಲಗೆಯ ಮೇಲೆ ಸಮತೋಲ ಕಾಯ್ದು ನಡೆಯುವುದು ಇವೆ. ಓಟಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸುವವರು ಈ ಹಲಗೆಗೆ ತಯಾರಿಯನ್ನೇ ಮಾಡಿಕೊಂಡಿರುವುದಿಲ್ಲ.

ವೃಕ್ಷಾಸನ, ವೀರಭದ್ರಾಸನಗಳು ಕೆಲಸಕ್ಕೆ ಬರುವುದು ಇಲ್ಲಿ. ಜನವರಿಯ ಜಾತ್ರೆಯಲ್ಲಿ ವೀರಭದ್ರೇಶ್ವರನ ತೇರು ಎಳೆಯುವ ಹುಮನಾಬಾದಿನವರಿಗೆ ಆ ಹೆಸರು ಹೊಸದೇನಲ್ಲ. ವೀರಭದ್ರಾಸನದ ಮೂರನೇ ಭಂಗಿಯಲ್ಲಿ ಒಂದು ಕಾಲಿನ ಮೇಲೆ ನಿಂತು, ಮುಂಡವನ್ನು ಮುಂದಕ್ಕೂ ಇನ್ನೊಂದು ಕಾಲನ್ನು ಹಿಂದಕ್ಕೂ ಚಾಚಿ ನೆಲಕ್ಕೆ ಸಮಾನಾಂತರವಾಗಿ ಹಿಡಿಯಬೇಕು. ನಿಂತ ಕಾಲಿನ ಪಾದ ಸಣ್ಣಗೆ ನಡುಗುತ್ತದೆ. ಆ ನಡುಕವೇ ಪಾಠ. ಪಾದದ ಸುತ್ತಲಿನ ಸಣ್ಣ ಸ್ನಾಯುಗಳು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತಿರುತ್ತವೆ. ಬರಿಗಾಲಲ್ಲಿ, ಮೊದಲು ಗೋಡೆಗೆ ಬೆರಳು ತಾಗಿಸಿ, ಆಮೇಲೆ ಬಿಟ್ಟು, ಕೊನೆಗೆ ವೃಕ್ಷಾಸನದಲ್ಲಿ ಕಣ್ಣು ಮುಚ್ಚಿ ಮಾಡುತ್ತ ಹೋಗಬೇಕು. ಅಮೆರಿಕದ ಕಾಲೇಜೊಂದರಲ್ಲಿ 14 ಫುಟ್‌ಬಾಲ್ ಆಟಗಾರರಿಗೆ ವಾರಕ್ಕೆ ಎರಡು ದಿನದಂತೆ 10 ವಾರ ಯೋಗ ಮಾಡಿಸಿ, ಯೋಗ ಮಾಡದ 12 ಬೇಸ್‌ಬಾಲ್ ಆಟಗಾರರ ಜತೆ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರ ಮೈ ಬಾಗುವಿಕೆಯೂ ಒಂಟಿ ಕಾಲಿನ ನಿಲುವೂ ಸುಧಾರಿಸಿದ್ದವು. ಸಣ್ಣ ಅಧ್ಯಯನ, ಅದರಿಂದ ದೊಡ್ಡ ತೀರ್ಮಾನ ಸಲ್ಲದು. ಆದರೆ ವಾರಕ್ಕೆ ಎರಡೇ ದಿನದಲ್ಲಿ ಇಷ್ಟಾಗುತ್ತದೆ ಎಂಬುದು ನಮ್ಮ ಶಾಲೆಗಳಿಗೆ ಉಪಯೋಗಕ್ಕೆ ಬರುವ ಮಾಹಿತಿ.

ಉಸಿರು: ಮೊದಲ ಸುತ್ತಿನಲ್ಲೇ ಸೋಲುವವರು

ಕರ್ನಾಟಕದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. 400 ಮೀಟರ್‌ನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಸುಮಾರು 97 ಸೆಕೆಂಡ್. ಊರಲ್ಲಿ ಇದನ್ನು ಸಲೀಸಾಗಿ ಮುಗಿಸುವ ಹುಡುಗ ಪರೀಕ್ಷೆಯ ದಿನ ಎದೆ ಡವಡವ ಎನ್ನುತ್ತ ಮೊದಲ ಸುತ್ತನ್ನೇ ವಿಪರೀತ ಜೋರಾಗಿ ಓಡುತ್ತಾನೆ. ಮೂರನೇ ಸುತ್ತಿನಲ್ಲಿ ಕಾಲು ಕಲ್ಲಾಗುತ್ತದೆ. ಅವನ ಶ್ವಾಸಕೋಶದಲ್ಲಿ ದೋಷವಿಲ್ಲ. ಗಾಬರಿ ಅವನನ್ನು ಓಡಿಸಿತು.

ಪ್ರಾಣಾಯಾಮದ ಲಾಭ ಇಂಥ ಕಡೆ ನೇರವಾಗಿ ಕಾಣುತ್ತದೆ. ಉಸಿರಾಟವನ್ನು ನಿಮಿಷಕ್ಕೆ ಆರರಷ್ಟಕ್ಕೆ ಇಳಿಸಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದ ಮಾಡಿದರೆ ಹೃದಯದ ಬಡಿತ ತಗ್ಗುತ್ತದೆ, ಮೈಯನ್ನು ವಿಶ್ರಾಂತಿಯತ್ತ ಒಯ್ಯುವ ನರಮಂಡಲ ಚುರುಕಾಗುತ್ತದೆ. ಜಪಮಾಲೆ ಹಿಡಿದು ಮಂತ್ರ ಹೇಳಿದಾಗಲೂ ಉಸಿರು ಸುಮಾರು ಇದೇ ಲಯಕ್ಕೆ ಬರುತ್ತದೆ ಎಂದು 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಇಟಲಿಯ ಸಂಶೋಧಕರ ಅಧ್ಯಯನ ತೋರಿಸಿತ್ತು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಪರೀಕ್ಷೆಯ ಸಾಲಿನಲ್ಲಿ ನಿಂತಾಗಲೂ ಯಾರಿಗೂ ಗೊತ್ತಾಗದಂತೆ ಮಾಡಬಹುದು. ಆದರೆ ಆ ದಿನ ಮೊದಲ ಸಲ ಮಾಡಿದರೆ ಫಲವಿಲ್ಲ. ದಿನವೂ ಐದು ನಿಮಿಷ ಮಾಡಿ ಮೈಗೆ ರೂಢಿಯಾಗಿದ್ದರೆ ಮಾತ್ರ ಬೇಕಾದಾಗ ಕೈಗೆ ಬರುತ್ತದೆ.

ಕಬಡ್ಡಿ ದಾಳಿಗಾರನಿಗೆ ಇದು ಇನ್ನೂ ಹತ್ತಿರದ ವಿಷಯ. ಗರಿಷ್ಠ 30 ಸೆಕೆಂಡುಗಳ ದಾಳಿಯಲ್ಲಿ ‘ಕಬಡ್ಡಿ ಕಬಡ್ಡಿ’ ಎಂಬ ಸೊಲ್ಲು ನಿಲ್ಲುವಂತಿಲ್ಲ. ಅಂದರೆ ಉಸಿರು ಹೊರಹೋಗುತ್ತಲೇ ಇರುವಾಗ ಕಾಲು ಚಾಚಬೇಕು, ಹಿಡಿದವರನ್ನು ಎಳೆದುಕೊಂಡು ಗೆರೆ ಮುಟ್ಟಬೇಕು. ಉಸಿರನ್ನು ಸಣ್ಣ ಎಳೆಯಾಗಿ, ಸಮನಾಗಿ ಬಿಡುವುದನ್ನು ಕಲಿಸುವ ಭ್ರಾಮರಿಯಂಥ ಅಭ್ಯಾಸ ಅವನಿಗೆ ಒಗ್ಗುತ್ತದೆ.

ಎಚ್ಚರಿಕೆಯ ಮಾತೂ ಇದೆ. ಅಧಿಕ ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ ಇರುವವರು ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟಕ್ಕೆ ಕೈಹಾಕಬಾರದು. ಇನ್ನು ಬಾವಿ, ಕೆರೆಗಳಲ್ಲಿ ಈಜುವ ಹುಡುಗರು ಜೋರಾಗಿ ಉಸಿರಾಡಿ ಆಮೇಲೆ ನೀರಿನಡಿ ಉಸಿರು ಕಟ್ಟಿ ಪಂದ್ಯ ಕಟ್ಟುವುದುಂಟು. ರಭಸದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ, ಉಸಿರು ಬೇಕೆಂಬ ತುಡಿತ ತಡವಾಗಿ ಬರುತ್ತದೆ, ಅಷ್ಟರಲ್ಲಿ ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಇದು ಜೀವ ತೆಗೆಯುವ ಆಟ.

ಯೋಗದಿಂದ ಆಗದಿರುವುದು

ಸಾಧಾರಣ ವೇಗದಲ್ಲಿ ಮಾಡುವ ಆಸನಗಳಿಗೆ ಮೈ ಖರ್ಚು ಮಾಡುವ ಶಕ್ತಿ ಹೆಚ್ಚುಕಡಿಮೆ ನಡಿಗೆಯಷ್ಟೇ. ಬಿರುಸಾದ ಸೂರ್ಯನಮಸ್ಕಾರ ಅದಕ್ಕಿಂತ ಮೇಲೆ ಹೋಗುತ್ತದೆ. ಆದರೂ ಓಟ ಕಟ್ಟಿಕೊಡುವ ದಮ್ಮನ್ನು ಆಸನ ಕಟ್ಟಿಕೊಡದು. ಎಸೆತಗಾರನಿಗೆ ಬೇಕಾದ ಸ್ಫೋಟಕ ಬಲವೂ ಅದರಿಂದ ಬಾರದು. ಬರೀ ಸ್ನಾಯು ಹಿಗ್ಗಿಸಿದರೆ ಗಾಯ ತಪ್ಪುತ್ತದೆ ಎಂಬುದಕ್ಕೂ ಪುರಾವೆ ದುರ್ಬಲ. ಓಟದ ಮರುದಿನದ ಮೈಕೈ ನೋವನ್ನು ಅದು ಇಳಿಸುವುದೂ ಅತ್ಯಲ್ಪ. ಫುಟ್‌ಬಾಲ್ ಜಗತ್ತಿನಲ್ಲಿ ಗಾಯಗಳನ್ನು ಸುಮಾರು ಮೂರನೇ ಒಂದು ಪಾಲಿನಷ್ಟು ಇಳಿಸಿದ ‘ಫಿಫಾ 11+’ ಎಂಬ ಅಭ್ಯಾಸಕ್ರಮದಲ್ಲಿ ಓಟ, ಬಲ, ಸಮತೋಲ, ಜಿಗಿತ ಎಲ್ಲವೂ ಕೂಡಿವೆ. ಅದರಲ್ಲಿರುವ ನಾರ್ಡಿಕ್ ವ್ಯಾಯಾಮವಂತೂ ತೊಡೆ ಹಿಂಭಾಗದ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮೊಣಕಾಲೂರಿ ನಿಂತು, ಗೆಳೆಯನೊಬ್ಬ ಹಿಮ್ಮಡಿ ಒತ್ತಿ ಹಿಡಿದಾಗ, ಮೈಯನ್ನು ನೇರವಾಗಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಇಳಿಸುವುದು, ಅಷ್ಟೇ. ಇದು ಆಸನವಲ್ಲ ಎಂದು ದೂರ ಇಡುವುದು ಬೇಡ. ಪೊಲೀಸ್ ತಯಾರಿ ನಡೆಸುವವರು ವಾರಕ್ಕೆರಡು ಸಲ ಇದನ್ನೂ ಮಾಡಲಿ.

ಹೊತ್ತಿನ ವಿಷಯವೂ ಮುಖ್ಯ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಗ್ಗಿಸಿ ಹಿಡಿದು, ಕೂಡಲೇ ಓಡಿದರೆ ಅಥವಾ ಜಿಗಿದರೆ ಆ ಸ್ನಾಯುವಿನ ಬಲ ಸ್ವಲ್ಪ ಹೊತ್ತಿಗೆ ಕುಗ್ಗುತ್ತದೆ ಎಂಬುದು ಹಲವು ಅಧ್ಯಯನಗಳಿಂದ ಖಚಿತವಾಗಿದೆ. ಉದ್ದಜಿಗಿತಕ್ಕೆ ಮುಂಚೆ ಪಶ್ಚಿಮೋತ್ತಾನಾಸನದಲ್ಲಿ ಕುಳಿತವನು ಬಲವನ್ನು ತಾನೇ ಬಿಟ್ಟುಕೊಟ್ಟಂತೆ. ಆದ್ದರಿಂದ ಆಟಕ್ಕೆ ಮುಂಚೆ ಮೈ ಚಲಿಸುತ್ತಿರಲಿ: ನಿಧಾನದ ಓಟ, ನಾಲ್ಕೈದು ಸೂರ್ಯನಮಸ್ಕಾರ, ಕಾಲು ಬೀಸುವುದು, ಸೊಂಟ ತಿರುಗಿಸುವುದು. ಹಿಡಿದು ನಿಲ್ಲುವ ಆಸನಗಳೆಲ್ಲ ಆಟ ಮುಗಿದ ಮೇಲೆ.

ಕುಸ್ತಿಪಟುಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಲಾತೂರ್, ಸೋಲಾಪುರದ ಕಡೆಯ ಪೈಲ್ವಾನರ ಜತೆ ಜೋಡಿ ಹಿಡಿಯುವ ಇಲ್ಲಿನ ಹುಡುಗರ ಕುತ್ತಿಗೆಗೆ ದಿನವೂ ಸಾಕಷ್ಟು ಒತ್ತಡ ಬೀಳುತ್ತದೆ. ಜೋರ್, ಅಂದರೆ ಕುಸ್ತಿಯ ಅಭ್ಯಾಸ, ಮುಗಿಸಿ ದಣಿದ ಕುತ್ತಿಗೆಯ ಮೇಲೆ ಶೀರ್ಷಾಸನ ಹಾಕುವುದು ಅಪಾಯ. ಅವರಿಗೆ ಬೇಕಾದದ್ದು ಭುಜ ಬಿಚ್ಚುವ ಗೋಮುಖಾಸನ, ಬೆನ್ನಿಗೆ ಮಾರ್ಜಾಲಾಸನ ಮತ್ತು ಶಲಭಾಸನ, ಟೊಂಕಕ್ಕೆ ಅರ್ಧ ಮತ್ಸ್ಯೇಂದ್ರಾಸನ. ಮೊದಲೇ ಮೈ ಸಡಿಲವಿರುವ ಆಟಗಾರರೂ ಇರುತ್ತಾರೆ; ಮೊಣಕೈ, ಮೊಣಕಾಲು ಹಿಂದಕ್ಕೆ ಬಾಗುವಷ್ಟು. ಅವರಿಗೆ ಇನ್ನಷ್ಟು ಬಾಗುವುದರಿಂದ ಹಾನಿಯೇ. ಭಂಗಿಯಲ್ಲಿ ಗಟ್ಟಿಯಾಗಿ ನಿಲ್ಲುವುದನ್ನು ಅವರು ಕಲಿಯಬೇಕು.

20 ನಿಮಿಷದ ಕ್ರಮ

ಅಭ್ಯಾಸ ಮುಗಿದ ಮೇಲೆ ಮೂಗಿನಿಂದಲೇ ಉಸಿರಾಡುವಷ್ಟು ಸಮಾಧಾನ ಬರುವವರೆಗೆ ಎರಡು ನಿಮಿಷ ನಡಿಗೆ. ಆಮೇಲೆ ವೃಕ್ಷಾಸನವೋ ವೀರಭದ್ರಾಸನದ ಮೂರನೇ ಭಂಗಿಯೋ, ಕಾಲಿಗೆ ಒಂದೊಂದು ನಿಮಿಷ. ಅಧೋಮುಖ ಶ್ವಾನಾಸನ ಒಂದು ನಿಮಿಷ. ಹಿಮ್ಮಡಿಗಳನ್ನು ಒಂದಾದ ಮೇಲೊಂದು ನೆಲಕ್ಕೆ ಒತ್ತುತ್ತ. ಆಂಜನೇಯಾಸನ ಕಾಲಿಗೆ ಒಂದೊಂದು ನಿಮಿಷ. ಟವೆಲ್ ಹಿಡಿದು ಸುಪ್ತ ಪಾದಾಂಗುಷ್ಠಾಸನ ಕಾಲಿಗೆ ಒಂದೂವರೆ ನಿಮಿಷ. ಮಲಗಿದಂತೆಯೇ ಒಂದು ಕಾಲಿನ ಗೆಣ್ಣನ್ನು ಇನ್ನೊಂದು ತೊಡೆಯ ಮೇಲಿಟ್ಟು ಎದೆಯತ್ತ ಎಳೆದುಕೊಳ್ಳುವುದು, ಎರಡೂ ಕಡೆ ಸೇರಿ ಎರಡು ನಿಮಿಷ. ಸೇತುಬಂಧಾಸನ, ಶಲಭಾಸನ ಸೇರಿ ಮೂರು ನಿಮಿಷ. ಇವು ಹಿಗ್ಗಿಸಲು ಅಲ್ಲ, ಬೆನ್ನು ಮತ್ತು ಪೃಷ್ಠದ ಬಲಕ್ಕೆ. ಉಳಿದ ಐದು ನಿಮಿಷ ಶವಾಸನ, ನಾಲ್ಕು–ಆರರ ಲೆಕ್ಕದ ಉಸಿರಿನೊಂದಿಗೆ. ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ ಐದು ನಿಮಿಷವನ್ನೇ. ಬೇಸಿಗೆಯಲ್ಲಿ ಬಿಸಿಲು ಏರುವ ಮುಂಚೆ ಇದೆಲ್ಲ ಮುಗಿಯಲಿ, ನೆರಳಲ್ಲಿ ಮಾಡಿ, ಮೊದಲು ನೀರು ಕುಡಿಯಿರಿ.

ಮೈದಾನದಲ್ಲಿ ಮಲಗಲು, ಬಾಗಲು ಸಂಕೋಚಪಡುವ ಹೆಣ್ಣುಮಕ್ಕಳು ಮನೆಯ ಮಾಳಿಗೆಯ ಮೇಲೆ ಇದೇ ಕ್ರಮ ಮಾಡಬಹುದು. ಮುಟ್ಟಿನ ದಿನಗಳಲ್ಲಿ ಯೋಗ ಪೂರ್ತಿ ಬಿಡಬೇಕೆಂಬ ನಿಯಮವೇನಿಲ್ಲ. ಮೈ ಒಪ್ಪಿದಷ್ಟು, ತಲೆಕೆಳಗಾಗುವ ಆಸನಗಳನ್ನು ಬಿಟ್ಟು ಮಾಡಿದರೆ ಸಾಕು. ಹತ್ತನೇ ತರಗತಿ ಮುಗಿದೊಡನೆ ಆಟ ಬಿಡುವ ಹುಡುಗಿಯರಲ್ಲಿ ಯಾರಾದರೂ ಮುಂದೆ ಕಾನ್‌ಸ್ಟೆಬಲ್ ಪರೀಕ್ಷೆಗೆ ನಿಂತರೆ, 400 ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕಾಗುತ್ತದೆ. ಮೈ ಆಗ ಹೊಸದಾಗಿ ಪಳಗುವ ಬದಲು ಮೊದಲೇ ಪಳಗಿರಲಿ.

ದೊಡ್ಡ ಆಟಗಾರರ ಉದಾಹರಣೆ ಬೇಕೆಂದರೆ ಅದೂ ಇದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ 20 ಋತುಗಳ ಕಾಲ ಆಡಿ 1989ರಲ್ಲಿ, 42ನೇ ವಯಸ್ಸಿನಲ್ಲಿ ನಿವೃತ್ತರಾದರು. ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ತೊಡೆ ಹಿಂಭಾಗದ ಗಾಯಗಳಿಂದ ಬಸವಳಿದು ಯೋಗ ಹಿಡಿದರು, 40ರವರೆಗೆ ಆಡಿದರು. ಇಬ್ಬರೂ ತಮ್ಮ ದೀರ್ಘ ಬಾಳಿಕೆಗೆ ಯೋಗವೂ ಕಾರಣ ಎಂದವರು. ಆದರೆ ಇಬ್ಬರೂ ಯೋಗ ಮಾಡಿದ್ದು ಆಟದ ತರಬೇತಿಯ ಜತೆಗೆ, ಅದರ ಬದಲಿಗೆ ಅಲ್ಲ.

ಪ್ರತಿ ವರ್ಷ ಜೂನ್ 21ರಂದು ನಮ್ಮ ಶಾಲೆಗಳಲ್ಲೂ ಯೋಗ ದಿನ ನಡೆಯುತ್ತದೆ. ಜಮಖಾನ ಹಾಸುತ್ತಾರೆ, ಫೋಟೊ ತೆಗೆಯುತ್ತಾರೆ. ಅದರ ಬೆನ್ನಿಗೇ, ಮಳೆಗಾಲದ ನಡುವೆ, ವಲಯ ಮತ್ತು ತಾಲ್ಲೂಕು ಕ್ರೀಡಾಕೂಟಗಳ ತಯಾರಿ ಶುರುವಾಗುತ್ತದೆ. ಆಗ ಅದೇ ಮಕ್ಕಳು ಅದೇ ಮೈದಾನದಲ್ಲಿ ಒಂದೂ ಆಸನ ಮಾಡದೆ ಆಡಿ ಮನೆಗೆ ಹೋಗುತ್ತಾರೆ. ಯೋಗ ಒಂದು ಕಾರ್ಯಕ್ರಮ, ಆಟ ಇನ್ನೊಂದು ಕಾರ್ಯಕ್ರಮ ಎಂದಾಗಿದೆ. ಎರಡನ್ನೂ ಕೂಡಿಸಬಲ್ಲವರು ದೈಹಿಕ ಶಿಕ್ಷಕರು ಮಾತ್ರ. ಮನೆಯಲ್ಲಿ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದರೆ ಯಾವ ಹುಡುಗನೂ ಮಾಡುವುದಿಲ್ಲ. ಒಂದೂವರೆ ಗಂಟೆ ಅಭ್ಯಾಸ ಮಾಡಿಸುವವರು 70 ನಿಮಿಷ ಆಟಕ್ಕಿಟ್ಟು ಕೊನೆಯ 20 ನಿಮಿಷವನ್ನು ಅದರೊಳಗೇ ಸೇರಿಸಿದರೆ ಯಾರ ಹೊತ್ತೂ ಹೆಚ್ಚು ಹೋಗುವುದಿಲ್ಲ.

ಹೊತ್ತಿಲ್ಲ ಎನ್ನುವ ಪೊಲೀಸ್ ಅಭ್ಯರ್ಥಿಗಳಿಗೂ ಒಂದು ಲೆಕ್ಕ. ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷದಂತೆ ಎಂಟು ವಾರ ಮಾಡಿದರೆ ಆಗುವುದು 800 ನಿಮಿಷ, ಅಂದರೆ 13 ಗಂಟೆ ಚಿಲ್ಲರೆ. ತೊಡೆ ಸ್ನಾಯು ಚೆನ್ನಾಗಿಯೇ ಹಿಡಿದುಕೊಂಡರೆ ವಾರಗಟ್ಟಲೆ ಓಟ ನಿಲ್ಲುತ್ತದೆ. ಆ 20 ನಿಮಿಷ ಗಾಯ ಆಗುವುದೇ ಇಲ್ಲ ಎಂಬ ಭರವಸೆ ಕೊಡುವುದಿಲ್ಲ. ಇವತ್ತು ಎಡಗಾಲು ಬಿಗಿದಿದೆ, ನಾಳೆ ಸ್ವಲ್ಪ ತಗ್ಗಿಸಿ ಓಡು ಎಂದು ಹೊತ್ತಿಗೆ ಸರಿಯಾಗಿ ಹೇಳುತ್ತದೆ. ಆ ಮಾತು ಕೇಳುವ ರೂಢಿ ಇರುವವನು ಪರೀಕ್ಷೆಯ ದಿನ ಎರಡೂ ಕಾಲು ಗಟ್ಟಿಯಿಟ್ಟುಕೊಂಡು ಗೆರೆಯ ಮುಂದೆ ನಿಲ್ಲುವ ಸಾಧ್ಯತೆ ಹೆಚ್ಚು. ಆಮೇಲಿನ ನಾಲ್ಕು ಸುತ್ತು ಅವನ ಓಟಕ್ಕೆ ಬಿಟ್ಟದ್ದು.